ಏಜೆನ್ಸಿ ಬಿಟ್ಟು ಪಬ್ಲಿಕ್ ಹೆಲ್ತ್ ಜಾಹೀರಾತಿಗೆ ಹೋಗ್ಲಾ? ಮುಂಬೈಲಿ ಕ್ರಿಯೇಟಿವ್ ಲೈನ್‌ನಲ್ಲಿ ಇರೋರು ಹೇಳಿ

ಮೀರಾರೋಡ್_ಲೋಕಲ್

ಎಲ್ರಿಗೂ ನಮಸ್ಕಾರ. ಇಲ್ಲಿ ಆಡ್ ಲೈನ್‌ನವರು ಒಂದಿಷ್ಟು ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳ್ತಿದ್ದೀನಿ. ನಾನು ಅಂಧೇರಿಲಿ ಒಂದು ಏಜೆನ್ಸಿಲಿ ಸೀನಿಯರ್ ಕಾಪಿ ರೈಟರ್, ಊರು ಕುಂದಾಪುರದ ಹತ್ರ, ಓದಿದ್ದು ಬೆಳೆದಿದ್ದೆಲ್ಲ ಇಲ್ಲೇ. ಇಷ್ಟು ವರ್ಷ ಶಾಂಪೂ, ಬಿಸ್ಕತ್ತು, ಮ್ಯೂಚುವಲ್ ಫಂಡು, ಮತ್ತೆ ಶಾಂಪೂ. ಈಗ ಆರೋಗ್ಯದ ಸೋಷಿಯಲ್ ಮಾರ್ಕೆಟಿಂಗ್ (ಅಂದ್ರೆ ಜನರ ಒಳಿತಿನ ವಸ್ತು, ಅಭ್ಯಾಸಗಳನ್ನ ಸರಕು ಮಾರೋ ಹಾಗೆ ಮುಟ್ಟಿಸೋದು) ಮಾಡೋ ಒಂದು ಸಂಸ್ಥೆ ಕ್ರಿಯೇಟಿವ್ ಲೀಡ್ ಆಗಿ ಬನ್ನಿ ಅಂತ ಕರೆದಿದೆ. ಕೆಲಸ ಮಕ್ಕಳ ಭೇದಿಗೆ ಓಆರ್‌ಎಸ್ ಮತ್ತು ಜಿಂಕ್, ಆಮೇಲೆ ಟಿಬಿ. ಮಹಾರಾಷ್ಟ್ರ, ಗೋವಾ, ಜೊತೆಗೆ ಉತ್ತರ ಕರ್ನಾಟಕದ ಕೆಲವು ಜಿಲ್ಲೆ.

ಸಂಬಳ ಈಗಿನದಕ್ಕಿಂತ ಸಾಕಷ್ಟು ಕಮ್ಮಿ. ಸಮಾಜಸೇವೆ ಎಲ್ಲ ರಿಟೈರ್ ಆದ್ಮೇಲೆ ಮಾಡಿದ್ರಾಯ್ತು ಮಗಾ ಅಂತಾರೆ ಅಪ್ಪ. ನಮ್ಮ ಬಾಸ್ ಹೇಳೋದು ಅಲ್ಲಿಗೆ ಹೋದ್ರೆ ಎರಡು ವರ್ಷದಲ್ಲಿ ನಿನ್ನ ಪೋರ್ಟ್‌ಫೋಲಿಯೋನ ಯಾರೂ ನೋಡಲ್ಲ ಅಂತ. ನನಗೆ ಮನಸ್ಸಿದೆ. ಆದ್ರೆ ಇದು ಒಂದು ಕರಿಯರ್ ಹೌದಾ, ಅಲ್ಲಿ ಕ್ರಿಯೇಟಿವ್ ಡೈರೆಕ್ಟರ್ ಅಂದ್ರೆ ದಿನಾ ಏನ್ಮಾಡ್ತಾರೆ, ಒಳಗಿನವರು ಯಾರಾದ್ರೂ ಬಿಡಿಸಿ ಹೇಳ್ತೀರಾ?

ಡೊಂಬಿವಲಿ_ಫಾಸ್ಟ್

ನಾನು ಆಡ್‌ನವನಲ್ಲ, ಬ್ಯಾಂಕಲ್ಲಿ ಇರೋನು, ಆದ್ರೂ ಹೇಳ್ತೀನಿ. ಮನೆ ಸಾಲ ಇದ್ರೆ ಎರಡು ಸಲ ಯೋಚ್ನೆ ಮಾಡಿ. ಮತ್ತೆ ಸರ್ಕಾರಿ ಆರೋಗ್ಯ ಜಾಹೀರಾತು ಅಂದ್ರೆ ಸ್ಟೇಶನ್ ಗೋಡೆ ಮೇಲೆ ನಾಲ್ಕು ಸಾಲು, ಮೂಲೇಲಿ ಒಂದು ಲೋಗೋ, ಅದಕ್ಕೆ ಕ್ರಿಯೇಟಿವ್ ಲೀಡ್ ಯಾಕೆ ಬೇಕು ಅನ್ನೋದು ನನಗೆ ನಿಜವಾಗ್ಲೂ ಅರ್ಥ ಆಗಿಲ್ಲ. ಗೊತ್ತಿದ್ದೋರು ಹೇಳಿ.

ಮಾಟುಂಗಾ_ಸೆಂಟ್ರಲ್

ತಂಗಿ, ನನ್ನ ಅರ್ಧ ಆಯಸ್ಸು ಈ ಕೆಲಸದಲ್ಲೇ ಹೋಗಿದೆ, ಹಾಗಾಗಿ ಉದ್ದ ಬರೀತೀನಿ, ಪುರುಸೊತ್ತಲ್ಲಿ ಓದಿ. ಇಲ್ಲಿನ ಜೆಜೆ ಆರ್ಟ್ ಕಾಲೇಜಲ್ಲಿ ಅಪ್ಲೈಡ್ ಆರ್ಟ್ ಮಾಡಿ ಏಜೆನ್ಸಿ ಸೇರಿದೆ, ಕ್ರಿಯೇಟಿವ್ ಡೈರೆಕ್ಟರ್ ಆದೆ, ಅಲ್ಲಿಂದ ಈ ಕಡೆ ಹೊರಳಿದೆ, ಮತ್ತೆ ಆ ಕಡೆ ಹೋಗ್ಬೇಕು ಅನ್ನಿಸಿಲ್ಲ.

ಮೊದಲು ಗೋಡೆ ಬರಹದ ವಿಷಯ. ಡೊಂಬಿವಲಿಯವರೇ, 1968ರಲ್ಲಿ ಸರ್ಕಾರ ನಿರೋಧ್ ಕಾಂಡೋಮ್ ತಂದಾಗ ಅದನ್ನ ಊರೂರಿಗೆ ಮುಟ್ಟಿಸಿದ್ದು ಯಾರು ಗೊತ್ತಾ, ಬ್ರೂಕ್ ಬಾಂಡ್, ಲಿಪ್ಟನ್, ಹಿಂದೂಸ್ತಾನ್ ಲಿವರ್, ಯೂನಿಯನ್ ಕಾರ್ಬೈಡ್, ಇಂಥಾ ಕಂಪನಿಗಳ ಸೇಲ್ಸ್‌ನವರು. ಚಹಾಪುಡಿ, ಸೋಪು, ಬ್ಯಾಟರಿ ಸೆಲ್ಲು ಯಾವ ಅಂಗಡಿಗೆ ಹೋಗ್ತಿತ್ತೋ ಅದೂ ಅದೇ ಅಂಗಡಿಗೆ ಹೋಯ್ತು, 15 ಪೈಸೆಗೆ ಮೂರು. ಕಲ್ಕತ್ತಾ ಐಐಎಂನವರು ಕೂತು ಹಾಕಿದ ಪ್ಲ್ಯಾನು. ಕೋಟ್ಲರ್ ಮತ್ತು ಝಾಲ್ಟ್‌ಮನ್ ಸೋಷಿಯಲ್ ಮಾರ್ಕೆಟಿಂಗ್ ಅಂತ ಹೆಸರಿಟ್ಟು ಲೇಖನ ಬರೆದಿದ್ದು 1971ರಲ್ಲಿ. ಅಂದ್ರೆ ಅಮೆರಿಕದ ಪ್ರೊಫೆಸರುಗಳು ನಾಮಕರಣ ಮಾಡೋ ಮುಂಚೆನೇ ನಮ್ಮ ಕಿರಾಣಿ ಅಂಗಡಿಲಿ ಅದು ನಡೀತಿತ್ತು. ವಸ್ತು, ಅದರ ಬೆಲೆ, ಅದು ಸಿಗೋ ಜಾಗ, ಇವು ಮೂರೂ ಸರಿಯಾದ್ಮೇಲೆ ಜಾಹೀರಾತಿನ ಪಾಳಿ ಬರುತ್ತೆ. ಕ್ರಿಯೇಟಿವ್ ಡೈರೆಕ್ಟರ್ ಆದೋಳು ನಾಲ್ಕನ್ನೂ ತಲೇಲಿ ಇಟ್ಕೊಳ್ಳದೆ ಬರೀ ನಾಲ್ಕನೇದಕ್ಕೆ ಕೈ ಹಾಕಿದ್ರೆ ಆ ಫಿಲಂ ಎಷ್ಟೇ ಚೆನ್ನಾಗಿರ್ಲಿ ಯಾರ ಮನೇಲೂ ಏನೂ ಬದಲಾಗಲ್ಲ.

ದಿನಾ ಏನ್ಮಾಡ್ತಾರೆ ಅಂದ್ರಲ್ಲ. ಓಆರ್‌ಎಸ್‌ನದೇ ಹೇಳ್ತೀನಿ, ನಿಮಗೆ ಅದೇ ಸಿಗೋದು. ವಡಾಲಾ ಕಡೆ ಕಲಬುರಗಿ, ಯಾದಗಿರಿಯಿಂದ ಬಂದ ಕಟ್ಟಡ ಕೆಲಸದವರ ಮನೆಗಳಲ್ಲಿ ನಾವು ಸುಮ್ನೆ ಕೂತು ನೋಡ್ತಿದ್ವಿ, ಏನೂ ಕೇಳದೆ. ಒಬ್ಬ ತಾಯಿ ಪ್ಯಾಕೆಟ್ಟಿನ ಮೂಲೇನ ಹಲ್ಲಲ್ಲಿ ಹರಿದ್ಲು, ಸ್ಟೀಲ್ ಲೋಟಕ್ಕೆ ಸುಮಾರು ಕಾಲು ಭಾಗ ಸುರಿದ್ಲು, ಕೈಬೆರಳಲ್ಲೇ ಕಲಸಿ ಮಗುಗೆ ಕುಡಿಸಿದ್ಲು, ಉಳಿದ ಪ್ಯಾಕೆಟ್ಟಿನ ಬಾಯಿ ಮಡಚಿ ಸಕ್ಕರೆ ಡಬ್ಬಿ ಕೆಳಗೆ ಸಿಗಿಸಿದ್ಲು, ನಾಳೆಗೆ ಅಂತ. ಪ್ಯಾಕೆಟ್ ಇರೋದು ಒಂದು ಲೀಟರಿಗೆ. ಲೋಟದ ಅಂದಾಜಲ್ಲಿ ಕಲಸಿದ್ರೆ ಒಂದ್ಸಲ ಗಟ್ಟಿ ಆಗುತ್ತೆ ಒಂದ್ಸಲ ತೆಳು ಆಗುತ್ತೆ, ಗಟ್ಟಿ ಆದ್ರೆ ಮಗುಗೆ ಅಪಾಯ, ತೆಳು ಆದ್ರೆ ಪ್ರಯೋಜನ ಇಲ್ಲ. ಆ ಮನೇಲಿ ಲೀಟರ್ ಅಳತೆಯ ಪಾತ್ರೆ ಒಂದೂ ಇಲ್ಲ. ಆದ್ರೆ ನೀರಿನ ಖಾಲಿ ಪ್ಲಾಸ್ಟಿಕ್ ಬಾಟ್ಲಿ ಮೂಲೇಲಿ ಮೂರು ನಾಲ್ಕು ನಿಂತಿತ್ತು, ಎಲ್ಲಾ ಒಂದು ಲೀಟರಿಂದು. ನಮ್ಮ ಪೋಸ್ಟರಿನ ಐಡಿಯಾ ಅಲ್ಲೇ ಇತ್ತು. ಹಳೇ ಪೋಸ್ಟರಿನ ನಗೋ ಡಾಕ್ಟರನ್ನ ತೆಗೆದು ಹಾಕಿ, ಪೂರ್ತಿ ಪ್ಯಾಕೆಟ್ಟು ಬಾಟ್ಲಿ ಬಾಯಿಗೆ ಸುರಿಯೋ ಕೈ ಬರೆಸಿದ್ವಿ, ಪಕ್ಕದಲ್ಲಿ ಸೂರ್ಯ ಚಂದ್ರ, ಅಂದ್ರೆ 24 ಗಂಟೆ ಆದ್ಮೇಲೆ ಉಳಿದಿದ್ದು ಚೆಲ್ಲಿ ಅಂತ. ಬಾಟ್ಲಿ ಚೆನ್ನಾಗಿ ತೊಳೀಬೇಕು, ನೀರು ಶುದ್ಧ ಇರಬೇಕು ಅನ್ನೋದನ್ನ ಆಶಾ, ಸಿಎಚ್‌ವಿ (ಮನೆಮನೆಗೆ ಹೋಗೋ ಆರೋಗ್ಯ ಸ್ವಯಂಸೇವಕಿಯರು) ಹೆಣ್ಮಕ್ಕಳ ಬಾಯಿಗೆ ಬಿಟ್ವಿ, ಚಿತ್ರದಲ್ಲಿ ತುರುಕೋಕೆ ಹೋಗ್ಲಿಲ್ಲ.

ಜಿಂಕ್ ಇನ್ನೂ ಕಷ್ಟ. ಡಬ್ಲ್ಯೂಎಚ್‌ಓ, ಯುನಿಸೆಫ್ ಸೇರಿ 2004ರಲ್ಲಿ ಹೇಳಿದ್ದು ಓಆರ್‌ಎಸ್ ಜೊತೆ 10ರಿಂದ 14 ದಿನ ಜಿಂಕ್ ಕೊಡಿ ಅಂತ, ನಮ್ಮಲ್ಲಿ 14 ದಿನ. ಆರು ತಿಂಗಳು ದಾಟಿದ ಮಗುಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10. ಭೇದಿ ಮೂರನೇ ದಿನಕ್ಕೆ ನಿಲ್ಲುತ್ತೆ. ನಿಂತ ಮೇಲೆ ಮಾತ್ರೆ ಯಾಕೆ ಕೊಡ್ಬೇಕು, ಉಳಿಸಿಟ್ರೆ ಮುಂದಿನ ಸಲಕ್ಕೆ ಆಗುತ್ತೆ. ತಾಯಂದಿರು ಹೀಗೆ ಯೋಚಿಸೋದು ಅಜ್ಞಾನ ಅಂತ ಹೇಳೋರನ್ನ ಕಂಡ್ರೆ ನನಗೆ ಸಿಟ್ಟು ಬರುತ್ತೆ, ಅದು ಸಂಸಾರ ತೂಗಿಸೋರ ಲೆಕ್ಕಾಚಾರ. ಪೂರ್ತಿ 14 ದಿನ ಕೊಟ್ರೆ ಮುಂದಿನ ಎರಡು ಮೂರು ತಿಂಗಳು ಭೇದಿ ಮರುಕಳಿಸೋದು ಕಮ್ಮಿ ಆಗುತ್ತೆ, ಆ ತಾಯಿಗೆ ಬೇಕಾಗಿದ್ದ ಸುದ್ದಿ ಅದೊಂದೇ. ಅದನ್ನ ಹೇಗೆ ಹೇಳೋದು, ಯಾರು ಹೇಳೋದು, ಸ್ಟ್ರಿಪ್ಪಿನ ಮೇಲೆ 14 ಮನೆ ಹಾಕಿ ದಿನಾ ಒಂದಕ್ಕೆ ಕುಂಕುಮದ ಬೊಟ್ಟು ಇಡೋಕೆ ಹೇಳೋಣ್ವಾ, ಇದಕ್ಕೆ ತಲೆ ಕೆಡಿಸ್ಕೊಳ್ಳೋದೇ ನಿಮ್ಮ ಕೆಲಸ.

ಕೆಲಸ ಕೊಡೋರ ಬ್ರೀಫ್‌ನಲ್ಲಿ ಏನೇ ಬರೆದಿರ್ಲಿ, ಈ ಮನುಷ್ಯ ಗೊತ್ತಿದ್ದೂ ಯಾಕೆ ಮಾಡ್ತಿಲ್ಲ ಅನ್ನೋದಕ್ಕೆ ಉತ್ತರ ಸಿಗೋ ತನಕ ಲೇಔಟ್ ಶುರು ಮಾಡ್ಬೇಡಿ. 2002ರ ಕೊನೇಲಿ ಮುಂಬೈ ತುಂಬಾ ಬಲ್ಬೀರ್ ಪಾಶಾಗೆ ಏಡ್ಸ್ ಬರುತ್ತಾ ಅಂತ ಹೋರ್ಡಿಂಗ್ ಬಂದಿದ್ದು ಹಳಬರಿಗೆ ನೆನಪಿರುತ್ತೆ, ಬಲ್ಬೀರ್ ಒಂದು ಕಲ್ಪಿತ ಪಾತ್ರ, ಕ್ಯಾಂಪೇನ್ ಪಿಎಸ್‌ಐ ಅನ್ನೋ ಆರೋಗ್ಯ ಸಂಸ್ಥೆಯವರದ್ದು, ಲೋ ಏಜೆನ್ಸಿ ಮಾಡಿದ್ದು. ಏಡ್ಸ್ ಬಗ್ಗೆ ಗಂಡಸರಿಗೆ ಗೊತ್ತಿತ್ತು. ಆದ್ರೆ ಒಬ್ಬೊಬ್ಬರ ಹತ್ರ ಒಂದೊಂದು ನೆಪ ಇತ್ತು, ನಾನು ಒಬ್ಬಳ ಹತ್ರನೇ ಹೋಗೋದು, ಕುಡಿದಾಗ ಮಾತ್ರ ಮರೆಯೋದು, ನೋಡೋಕೆ ಆರೋಗ್ಯವಾಗೇ ಇದ್ದಾರಲ್ಲ ಅಂತ. ಆ ನೆಪಗಳನ್ನೇ ಒಂದೊಂದಾಗಿ ಎತ್ಕೊಂಡು ಹೋರ್ಡಿಂಗ್ ಮಾಡಿದ್ರು. ಲೋಕಲ್ ಟ್ರೇನಲ್ಲಿ ಜನ ಅದನ್ನೇ ಮಾತಾಡ್ತಿದ್ರು.

ಕೋಥ್ರೂಡ್_ಕ್ಲಿನಿಕ್

ಪುಣೆಯಿಂದ. ನಾನು ಎದೆರೋಗದ ಡಾಕ್ಟರು. ಮೇಡಂ ಹೇಳಿದ್ದರಲ್ಲಿ ಬಹಳಷ್ಟು ಒಪ್ತೀನಿ, ಆದ್ರೆ ಬಲ್ಬೀರ್ ಪಾಶಾನ ಅಷ್ಟು ಎತ್ತಿ ಹಿಡಿಯೋದು ಒಪ್ಪಲ್ಲ. ಅದರಲ್ಲಿ ಬಲ್ಬೀರ್ ಹೋಗ್ತಿದ್ದ ಮಂಜುಳಾ ಅನ್ನೋ ಹೆಣ್ಣಿಂದ ರೋಗ ಬರುತ್ತೆ ಅನ್ನೋ ಅರ್ಥ ಉಳೀತು, ಆಗಲೇ ಆಕ್ಷೇಪಣೆ ಬಂದಿತ್ತು. ಗಂಡಸಿನ ನೆಪ ಮುರಿಯೋಕೆ ಹೋಗಿ ಹೆಂಗಸಿನ ಮೇಲೆ ಕಳಂಕ ಹಚ್ಚಿದ್ರೆ ಅದು ಆರೋಗ್ಯದ ಕೆಲಸ ಹೇಗಾಗುತ್ತೆ?

ನನ್ನ ಕ್ಲಿನಿಕ್‌ಗೆ ಬರೋ ಹುಡುಗೀರ ತಾಯಂದಿರು ಕೇಳೋ ಮೊದಲನೇ ಪ್ರಶ್ನೆ ಗುಣ ಆಗುತ್ತಾ ಅಂತ ಅಲ್ಲ, ಫೈಲ್ ಮೇಲೆ ಟಿಬಿ ಅಂತ ಬರೀಬೇಡಿ ಡಾಕ್ಟ್ರೇ, ಸಂಬಂಧ ನೋಡ್ತಿದ್ದೀವಿ ಅಂತ. ಆರು ತಿಂಗಳ ಔಷಧಿ, ಎರಡನೇ ತಿಂಗಳಿಗೆ ಕೆಮ್ಮು ಹೋಗಿ ಮೈ ಹಿಡಿಯುತ್ತೆ, ಅತ್ತೆ ಮನೇಲಿ ಮಾತ್ರೆ ಬಚ್ಚಿಟ್ಟು ನುಂಗೋಳು ಆಗ ನಿಲ್ಲಿಸಿಬಿಡ್ತಾಳೆ. ಅರ್ಧಕ್ಕೆ ಬಿಟ್ಟಿದ್ದು ಮುಂದೆ ಮದ್ದಿಗೆ ಬಗ್ಗದ ಟಿಬಿ ಆಗಿ ವಾಪಸ್ ಬರಬಹುದು, ಮುಂಬೈಯ ಶಿವಡಿ ಟಿಬಿ ಆಸ್ಪತ್ರೆಲಿ ಅಂಥವರನ್ನ ನೋಡಿದೋನಿಗೆ ಇದು ಬಾಯಿಮಾತಲ್ಲ. ಹೀಗಿರೋವಾಗ ಅಸ್ಥಿಪಂಜರ, ರಕ್ತ ಕಾರೋ ಚಿತ್ರ ಹಾಕಿ ಹೆದರಿಸೋ ಪೋಸ್ಟರ್ ಅವಳನ್ನ ಇನ್ನೂ ಒಳಗೆ ತಳ್ಳುತ್ತೆ ಅಷ್ಟೇ. ಆಫರ್ ಬಂದಿರೋ ತಂಗಿಗೆ ನನ್ನ ಕೋರಿಕೆ, ಟಿಬಿ ಜಾಹೀರಾತು ಮಾಡಿದ್ರೆ ರೋಗಿಗಿಂತ ಮೊದಲು ಆ ಮನೆಯವರ ಹತ್ರ ಮಾತಾಡಿ.

ಇನ್ನೊಂದು, ಓಆರ್‌ಎಸ್ ವಿಷ್ಯ ಬಂತಲ್ಲ. ಮೆಡಿಕಲ್ ಶಾಪಲ್ಲಿ ಟೆಟ್ರಾ ಪ್ಯಾಕಲ್ಲಿ ಸಿಹಿ ಪಾನೀಯಗಳನ್ನ ಓಆರ್‌ಎಸ್ ಅನ್ನೋ ಹೆಸರಿಟ್ಟು ಮಾರ್ತಿದ್ರು, ಡಬ್ಲ್ಯೂಎಚ್‌ಓ ಫಾರ್ಮುಲಾಕ್ಕೂ ಅದಕ್ಕೂ ಸಂಬಂಧ ಇಲ್ಲ. ಹೈದರಾಬಾದಿನ ಒಬ್ರು ಮಕ್ಕಳ ಡಾಕ್ಟರು ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಅಕ್ಟೋಬರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆ ಹೆಸರು ಬಳಸೋದನ್ನ ನಿಲ್ಲಿಸ್ತು. ಒಳ್ಳೆ ಲೇಬಲ್ ಡಿಸೈನ್ ಮಾಡೋ ಬುದ್ಧಿ ಯಾವ ಕಡೆ ಕೆಲಸ ಮಾಡುತ್ತೆ ಅನ್ನೋದು ಮಕ್ಕಳ ಜೀವದ ಪ್ರಶ್ನೆ.

ವಾಸ್ಕೋ_ಬಾಗಲಕೋಟಿ

ಅಕ್ಕಾರ, ಡಾಕ್ಟರ ಸಾಹೇಬ್ರ, ಇಬ್ರೂ ಹೇಳಿದ್ದು ಖರೆ ಐತ್ರಿ. ನಾನು ಗೋವಾದಾಗ ಔಟ್‌ರೀಚ್ ಕೆಲಸ ಮಾಡಾಕಿ, ಮನಿ ಮನಿಗೆ ಹೋಗೂದು ನಮ್ಮ ಕೆಲಸ. ಝುವಾರಿನಗರ, ಬೈನಾ ಕಡೆ ಬಾಗಲಕೋಟಿ, ಬಿಜಾಪುರ, ಗದಗ, ಕೊಪ್ಪಳದ ಮಂದಿ ಭಾಳ ಅದಾರ. ಗೌಂಡಿ ಕೆಲಸ, ಮೀನಿನ ಕೆಲಸ, ಬಂದರಿನಾಗ ಹಮಾಲಿ. ಇವ್ರಿಗೆ ಪೋಸ್ಟರ್ ಬರೂದು ಇಂಗ್ಲಿಷ್‌ನಾಗ, ಕೊಂಕಣ್ಯಾಗ, ಮರಾಠ್ಯಾಗ. ಚಿತ್ರ ನೋಡಿ ಮುಂದ ಹೋಕ್ಕಾರ. ಒಮ್ಮೆ ಕನ್ನಡದಾಗ ಆಡಿಯೋ ಮಾಡಿ ಕಳಿಸಿದ್ರು, ರೇಡಿಯೋ ವಾರ್ತಾ ಓದಿದಂಗ ಇತ್ತು, ಹೆಣಮಕ್ಕಳು ಯಾರೋ ಸಾಹೇಬ್ರ ಮಾತು ಅಂದು ಸುಮ್ನಾದ್ರು. ಕಡೀಗೆ ನಮ್ಮ ಓಣಿ ಹೆಣಮಗಳೊಬ್ಬಾಕಿ ತನ್ನ ಕೂಸಿಗೆ ಹೆಂಗ ಕುಡಿಸಿದ್ಲು ಅನ್ನೂದನ್ನ ತನ್ನ ಮಾತಿನಾಗ ಹೇಳಿದ್ದನ್ನ ಮೊಬೈಲ್‌ನಾಗ ರೆಕಾರ್ಡ್ ಮಾಡಿ ಹಂಚಿದ್ವಿ, ಅದು ಮಾತ್ರ ಊರಿಗೂ ಹೋಗಿ ಮುಟ್ತು.

ನಾ ಹೇಳಬೇಕಂದದ್ದು ಬ್ಯಾರೇನ ಐತಿ. ಮ್ಯಾಲಿಂದ ದೊಡ್ಡ ಕ್ಯಾಂಪೇನ್ ಬರತೈತಿ, ಆಟೋಕ್ಕ ಮೈಕ್ ಕಟ್ಟಿ ಹೇಳಿ ಹೋಕ್ಕಾರ, ಮರುದಿನ ಮಂದಿ ಬಂದು ಕೇಳಿದ್ರ ನಮ್ಮ ಹತ್ರ ಪ್ಯಾಕೆಟ್ ಇರಂಗಿಲ್ಲ. ಹಂಗ ಆಗೇತ್ರಿ, ವಾರಗಟ್ಟಲೆ ಸ್ಟಾಕ್ ಬರಲಿಲ್ಲ, ಬೈಸಿಕೊಂಡಾಕಿ ನಾನು. ಕ್ಯಾಂಪೇನ್ ಮಾಡಿದವ್ರು ಆಗಲೇ ಮುಂದಿನ ಜಿಲ್ಲಾಕ್ಕ ಹೋಗಿದ್ರು. ಒಂದ್ಸಲ ಬರಿಗೈಲೆ ಹೋದ ಹೆಣಮಗಳು ಮುಂದ ನಾವು ಲಸಿಕಿಗೆ ಕರದ್ರೂ ಬರಂಗಿಲ್ಲ. 2004ರಾಗ ಬೈನಾದಾಗ ಮನಿ ಕೆಡವಿದಾಗ ಅಲ್ಲಿದ್ದ ಲೈಂಗಿಕ ವೃತ್ತಿಯ ಹೆಣಮಕ್ಕಳು ಎಲ್ಲೆಲ್ಲೋ ಚದುರಿ ಹೋದ್ರು, ಎಚ್‌ಐವಿ ಕೆಲಸ ಮಾಡೋರಿಗೆ ಅವ್ರನ್ನ ಹುಡುಕಿ ಮತ್ತ ವಿಶ್ವಾಸ ಗಳಿಸಾಕ ಭಾಳ ತ್ರಾಸಾತು ಅಂತ ಹಿರಿ ಕಾರ್ಯಕರ್ತರು ಇವತ್ತಿಗೂ ಹೇಳ್ತಾರ. ವಿಶ್ವಾಸ ಹ್ವಾದ್ರ ಯಾವ ಆಡ್‌ಲಿಂದನೂ ವಾಪಸ್ ಬರಂಗಿಲ್ರಿ. ತಂಗಿ, ನೀ ಬರಾಕಿ ಇದ್ರ ಶೂಟಿಂಗ್ ತಾರೀಖು ಹಿಡಿಯೂಕಿಂತ ಮೊದಲು ನಮ್ಮಂಥವ್ರಿಗೆ ಒಂದು ಫೋನ್ ಮಾಡಿ ಸ್ಟಾಕ್ ಐತೇನು ಅಂತ ಕೇಳು.

ಮಾಟುಂಗಾ_ಸೆಂಟ್ರಲ್

ವಾಸ್ಕೋ ತಂಗಿ ಹೇಳಿದ್ದನ್ನ ಪ್ರಿಂಟ್ ತೆಗೆದು ಪ್ರತಿ ಏಜೆನ್ಸಿ ಮೀಟಿಂಗ್ ರೂಮಲ್ಲಿ ಅಂಟಿಸ್ಬೇಕು.

ಡಾಕ್ಟರೇ, ಮಂಜುಳಾ ವಿಷಯದಲ್ಲಿ ನಿಮ್ಮ ಮಾತು ಒಪ್ಪೋದೇ, ಅದರ ಕಲಿಯೋ ಭಾಗ ನೆಪ ಹುಡುಕಿದ ರೀತಿ, ಬಿಡೋ ಭಾಗ ಅವಳನ್ನ ತೋರಿಸಿದ ರೀತಿ. ಅದಾದ ಮೇಲೆ 2008ರಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್ ಟ್ರಸ್ಟ್‌ನವರು ಬೇರೆ ದಾರಿ ಹಿಡಿದ್ರು. ಮಹಾರಾಷ್ಟ್ರ, ಕರ್ನಾಟಕ, ಆಂಧ್ರ, ತಮಿಳುನಾಡಲ್ಲಿ ನಡೆದ ಕ್ಯಾಂಪೇನ್. ಕಬಡ್ಡಿ ಆಡೋ ಹುಡುಗ ಉಸಿರು ಹಿಡಿದು ಕಬಡ್ಡಿ ಅನ್ನೋ ಬದ್ಲು ಕಾಂಡೋಮ್ ಕಾಂಡೋಮ್ ಅನ್ನೋ ಫಿಲಂ, ಆಮೇಲೆ ಅದೇ ಪದ ಹಾಡೋ ಮೊಬೈಲ್ ರಿಂಗ್‌ಟೋನು. ಅದರಲ್ಲಿ ರೋಗ ಇಲ್ಲ, ಸಾವು ಇಲ್ಲ, ಹೆಣ್ಣಿನ ಮೇಲೆ ಬೆರಳು ಇಲ್ಲ. ಅಂಗಡಿಲಿ ಬಾಯಿಬಿಟ್ಟು ಕೇಳೋಕೆ ಆಗ್ತಿದ್ದ ಮುಜುಗರ ಒಂದನ್ನೇ ಗುರಿ ಮಾಡಿದ್ರು. ಅಲ್ಲಿ ಕ್ರಿಯೇಟಿವ್ ಹೊಣೆ ಹೊತ್ತಿದ್ದ ರಾಧಾರಾಣಿ ಮಿತ್ರಾ ಕೂಡ ಏಜೆನ್ಸಿ ಲೋಕದಿಂದಲೇ ಬಂದವರು, ಟಿಬಿಗೆ ಬುಲ್ಗಮ್ ಭಾಯ್ ಅನ್ನೋ ಕಫದ ಪಾತ್ರ ಮಾಡಿದ್ದೂ ಅದೇ ತಂಡ. ಎರಡು ವಾರ ಕೆಮ್ಮು ಅಂದ್ರೆ ಕಫ ಪರೀಕ್ಷೆ, ಅಷ್ಟೇ ಸಂದೇಶ, ಅಸ್ಥಿಪಂಜರ ಇಲ್ಲದೆ. ಪೋರ್ಟ್‌ಫೋಲಿಯೋ ಸಾಯುತ್ತೆ ಅಂದ ನಿಮ್ಮ ಬಾಸ್‌ಗೆ ಇದನ್ನ ತೋರಿಸಿ ತಂಗಿ.

ಆದ್ರೆ ಭಯ ಯಾವತ್ತೂ ಬೇಡ ಅಂತ ನಾನು ಹೇಳಲ್ಲ. ಥಿಯೇಟರಲ್ಲಿ ಎಲ್ರಿಗೂ ಬಾಯಿಪಾಠ ಆಗಿರೋ ಮುಕೇಶ್ ಜಾಹೀರಾತು ಟಾಟಾ ಮೆಮೋರಿಯಲ್ ಆಸ್ಪತ್ರೆಯದ್ದು, ಗುಟ್ಕಾ ತಿಂದು 2009ರಲ್ಲಿ 24ನೇ ವಯಸ್ಸಿಗೆ ತೀರಿಹೋದ ಹುಡುಗ. 2012ರ ಅಕ್ಟೋಬರ್ 2ರಿಂದ ಸಿನಿಮಾದಲ್ಲಿ ಇಂಥಾ ಸ್ಪಾಟ್ ಹಾಕೋದು ಕಡ್ಡಾಯ ಆಯ್ತು. ತಂಬಾಕು ಬೇರೆ, ಟಿಬಿ ಬೇರೆ. ತಂಬಾಕಲ್ಲಿ ಹೆದರಿಕೆ ಇರಬೇಕಾದ್ದು ಪೊಟ್ಟಣದ ಮೇಲೆ, ಅದನ್ನ ಮಾರೋ ಕಂಪನಿ ಮೇಲೆ. ಟಿಬಿಲಿ, ಎಚ್‌ಐವಿಲಿ ಹೆದರಿಕೆ ಹೋಗಿ ಕೂರೋದು ಮನುಷ್ಯನ ಮೇಲೆ, ಪಕ್ಕದ ಮನೆಯವರು ಲೋಟ ಬೇರೆ ಇಡ್ತಾರೆ. ಹೆದರಿಸಿದ ಮೇಲೆ ದಾರಿನೂ ತೋರಿಸ್ಬೇಕು, 2018ರ ಸೆಪ್ಟೆಂಬರಿಂದ ತಂಬಾಕಿನ ಪ್ಯಾಕೆಟ್ ಮೇಲೆ ಚಟ ಬಿಡಿಸೋ ಕ್ವಿಟ್‌ಲೈನ್ ನಂಬರ್ ಬಂದಿದ್ದು ಅದಕ್ಕೇ ನನಗೆ ದೊಡ್ಡ ವಿಷಯ ಅನ್ಸುತ್ತೆ. ಬಿಡ್ಬೇಕು ಅನ್ನಿಸಿದ ಕ್ಷಣದಲ್ಲಿ ಆ ನಂಬರ್ ಅವನ ಕೈಯಲ್ಲೇ ಇರುತ್ತೆ.

ಡೊಂಬಿವಲಿ_ಫಾಸ್ಟ್

ಇಷ್ಟೆಲ್ಲ ಇದೆ ಅಂತ ಗೊತ್ತಿರ್ಲಿಲ್ಲ, ಥ್ಯಾಂಕ್ಸ್ ಮೇಡಂ. ಪೋಲಿಯೋ ನೆನಪಾಯ್ತು. ನಮ್ಮ ಬಿಲ್ಡಿಂಗಲ್ಲಿ ಮಕ್ಕಳು ಬೆರಳಿಗೆ ಇಂಕ್ ಹಾಕಿಸ್ಕೊಂಡು ತೋರಿಸ್ಕೊಂಡು ಓಡಾಡೋವು, ಬಚ್ಚನ್ ಟಿವಿಲಿ ಗದರ್ತಿದ್ರು. 2011ರ ಜನವರಿ ಆದ್ಮೇಲೆ ದೇಶದಲ್ಲಿ ಸಹಜವಾಗಿ ಹರಡೋ (ವೈಲ್ಡ್) ಪೋಲಿಯೋದ ಒಂದು ಕೇಸೂ ಇಲ್ಲ, 2014ರಲ್ಲಿ ಸರ್ಟಿಫಿಕೇಟೂ ಸಿಕ್ತು. ಆದ್ರೂ ಸಂಬಳದ ಮಾತು ನಾನು ಬಿಡಲ್ಲ. ಒಳ್ಳೆ ಕೆಲಸ ಮಾಡೋರಿಗೆ ಕಮ್ಮಿ ಕೊಡಬಹುದು ಅನ್ನೋ ಲೆಕ್ಕ ಯಾರು ಹಾಕಿದ್ದು? ತಂಗಿ, ಬಾರ್ಗೇನ್ ಮಾಡಿ.

ಮೀರಾರೋಡ್_ಲೋಕಲ್

ಎಲ್ರಿಗೂ ದೊಡ್ಡ ಥ್ಯಾಂಕ್ಸ್. ನಿನ್ನೆ ರಾತ್ರಿ ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ, ಬಾಟ್ಲಿ ವಿಷಯ ಎರಡು ಸಲ ಓದಿಸಿದ್ರು. ಅಕ್ಕಾ, ಇನ್ನು ಮೂರು ಡೌಟು. ನನಗೆ ಹೆಲ್ತ್ ಡಿಗ್ರಿ ಇಲ್ಲ, ಎಂಪಿಎಚ್ (ಪಬ್ಲಿಕ್ ಹೆಲ್ತ್ ಮಾಸ್ಟರ್ಸ್) ಮಾಡ್ಬೇಕಾ? ಅವಾರ್ಡು ರೀಲು ಇಲ್ಲದೆ ಮುಂದೆ ಬೇರೆ ಕಡೆ ಏನು ತೋರಿಸೋದು? ಮತ್ತೆ ಇಂಟರ್‌ವ್ಯೂ ಎರಡನೇ ರೌಂಡ್ ಇದೆ, ನಾನು ಅವರಿಗೆ ಏನು ಕೇಳ್ಬೇಕು?

ಮಾಟುಂಗಾ_ಸೆಂಟ್ರಲ್

ಎಂಪಿಎಚ್ ಬೇಡ. ಮೊದಲು ಸರ್ಕಾರದ ಗೈಡ್‌ಲೈನ್ ನೀವೇ ಓದಿ, ಯಾರೋ ಮಾಡಿದ ಪಿಪಿಟಿ ಸಾರಾಂಶ ನಂಬ್ಕೊಂಡು ಕಾಪಿ ಬರೀಬೇಡಿ. ಡೋಸ್ ತಪ್ಪಾದ್ರೆ ಮಗು ಬಾಯಿಗೆ ಹೋಗೋದು ನಿಮ್ಮ ವಾಕ್ಯ. ಸಂಶೋಧನೆ ಕಲೀಬೇಕು ಅನ್ಸಿದ್ರೆ ಆಮೇಲೆ ಇಲ್ಲೇ ದೇವನಾರ್‌ನ ಸಮಾಜವಿಜ್ಞಾನ ಸಂಸ್ಥೆ ಟಿಸ್ ಇದೆ, ಅಹಮದಾಬಾದಿನ ಕಮ್ಯುನಿಕೇಶನ್ ಕಾಲೇಜು ಮೈಕಾ ಇದೆ. ಮೊದಲ ತಿಂಗಳು ಸಿಎಚ್‌ವಿ ಹೆಂಗಸರ ಜೊತೆ ಗಲ್ಲಿ ಸುತ್ತಿ, ಅವರ ಬ್ಯಾಗು ಹೊರೋಕೆ ಸಹಾಯ ಮಾಡಿ, ಪ್ರಶ್ನೆ ಕಮ್ಮಿ ಕೇಳಿ.

ಪೋರ್ಟ್‌ಫೋಲಿಯೋಲಿ ಫೈನಲ್ ಪೋಸ್ಟರ್ ಒಂದೇ ಇಡಬೇಡಿ. ಪ್ರಿ-ಟೆಸ್ಟಲ್ಲಿ, ಅಂದ್ರೆ ಅಚ್ಚಿಗೆ ಮುಂಚೆ ಜನರಿಗೆ ತೋರಿಸಿ ನೋಡಿದಾಗ, ಅವರು ಬೇಡ ಅಂದ ಡ್ರಾಫ್ಟು, ಯಾಕೆ ಬೇಡ ಅಂದ್ರು ಅನ್ನೋದು, ಬೇಸ್‌ಲೈನಲ್ಲಿ (ಕ್ಯಾಂಪೇನ್ ಮುಂಚಿನ ಸರ್ವೇಲಿ) ಎಷ್ಟು ತಾಯಂದಿರು ಸರಿಯಾಗಿ ಕಲಸ್ತಿದ್ರು, ಎಂಡ್‌ಲೈನಲ್ಲಿ (ಮುಗಿದ ಮೇಲಿನ ಸರ್ವೇಲಿ) ಎಷ್ಟು, ಎಲ್ಲ ಒಂದೇ ಪುಟದಲ್ಲಿ ಇರಲಿ. ಎಷ್ಟು ಜನ ನೋಡಿದ್ರು ಅನ್ನೋ ನಂಬರ್ ಕೊನೇಲಿ ಬರ್ಲಿ.

ಇಂಟರ್‌ವ್ಯೂಲಿ ಮೊದಲು ಕೇಳಿ ಪ್ರಾಜೆಕ್ಟ್ ಎಷ್ಟು ವರ್ಷದ್ದು, ಫಂಡ್ ಮುಗಿದ ಮೇಲೆ ಯಾರು ಮುಂದುವರಿಸ್ತಾರೆ. ಈ ಲೈನಲ್ಲಿ ಹೊಟ್ಟೆ ಉರಿಯೋದು ಇಲ್ಲೇ, ಜನ ಈಗಷ್ಟೇ ನಂಬೋಕೆ ಶುರು ಮಾಡಿರ್ತಾರೆ, ಮಾರ್ಚ್ ಬರುತ್ತೆ, ಗ್ರಾಂಟ್ ಮುಗಿಯುತ್ತೆ, ತಂಡ ಚೆಲ್ಲಾಪಿಲ್ಲಿ. ಪ್ರಿ-ಟೆಸ್ಟ್‌ಗೆ ಬೇರೆ ಬಜೆಟ್ ಇದೆಯಾ, ಶೂಟಿಂಗ್ ಹಣದಲ್ಲೇ ಅದನ್ನೂ ಹೊಂದಿಸ್ಬೇಕಾ ಕೇಳಿ, ಹೊಂದಿಸಿ ಅಂದ್ರೆ ಆಮೇಲೆ ಅದು ಆಗೋದೇ ಇಲ್ಲ ಅಂತ ತಿಳ್ಕೊಳ್ಳಿ. ಒಂದು ಪೋಸ್ಟರ್ ಎಷ್ಟು ಮೇಜು ದಾಟಿ ಅಪ್ರೂವ್ ಆಗುತ್ತೆ ಕೇಳಿ. ಸಪ್ಲೈ ನೋಡೋರ ಮೀಟಿಂಗಲ್ಲಿ ಕ್ರಿಯೇಟಿವ್ ಲೀಡ್‌ಗೆ ಕುರ್ಚಿ ಇದೆಯಾ ಅಂತ ಕಡ್ಡಾಯವಾಗಿ ಕೇಳಿ, ಇಲ್ಲ ಅಂದ್ರೆ ಬೇಕು ಅಂತ ಹಠ ಹಿಡೀರಿ, ಸಂಬಳಕ್ಕಿಂತ ಜಾಸ್ತಿ ಹಠ ಇದಕ್ಕೆ. ಕನ್ನಡದ ಕೆಲಸ ಇದ್ರೆ ಹಿಂದಿಲಿ ಬರೆದು ಆಮೇಲೆ ಕನ್ನಡಕ್ಕೆ ತರೋದು ಬೇಡ, ಬಾಗಲಕೋಟೆ ಹೆಂಗಸರ ಜೊತೆ ಕೂತು ಅಲ್ಲೇ ಶುರು ಮಾಡ್ತೀವಿ ಅಂತ ಹೇಳಿ, ಅದಕ್ಕೆ ದಿನ ಕೇಳಿ.

ಸಂಬಳ, ಪಿಎಫ್, ಮೆಡಿಕಲ್ ಇನ್ಶೂರೆನ್ಸ್, ಫೀಲ್ಡ್‌ಗೆ ಹೋದಾಗ ಉಳ್ಕೊಳ್ಳೋ ಖರ್ಚು, ಎಲ್ಲ ಬರವಣಿಗೇಲಿ ತಗೊಳ್ಳಿ. ಡೊಂಬಿವಲಿಯವರು ಸರಿಯಾಗೇ ಹೇಳಿದ್ದಾರೆ.

ಕೋಥ್ರೂಡ್_ಕ್ಲಿನಿಕ್

ಟಿಬಿ ಬಗ್ಗೆ ಬರೆಯೋವಾಗ ಟಿಬಿ ರೋಗಿಗಳ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡೋ ನಿಕ್ಷಯ್ ಪೋಷಣ್ ಹಣದ ವಿಷಯ ಸೇರಿಸಿ, 2018ರಲ್ಲಿ ಶುರುವಾದಾಗ ತಿಂಗಳಿಗೆ 500 ಇತ್ತು, 2024ರ ನವೆಂಬರಿಂದ 1000 ರೂಪಾಯಿ. ಎಷ್ಟೋ ರೋಗಿಗಳಿಗೆ ಇದು ಗೊತ್ತೇ ಇಲ್ಲ. ಪುಣೆಗೆ ಬಂದ್ರೆ ನನ್ನ ಓಪಿಡಿಲಿ ಕೂತ್ಕೊಳ್ಳಿ, ರೋಗಿಗಳು ಒಪ್ಪಿದ್ರೆ ಮಾತಾಡಿಸಬಹುದು.

ವಾಸ್ಕೋ_ಬಾಗಲಕೋಟಿ

ಗೋವಾಕ್ಕ ಬಂದ್ರ ನಮ್ಮ ಮನಿಗೇ ಬಾ ತಂಗಿ. ಮುಂಜಾನೆ ಏಳಕ್ಕ ಮಂದಿ ಕೆಲಸಕ್ಕ ಹೋಕ್ಕಾರ, ಅದಕಿಂತ ಮೊದಲ ಹೋದ್ರ ಹೆಣಮಕ್ಕಳು ಸಿಗ್ತಾರ, ಹಿಂದಿನ ರಾತ್ರಿನ ಬಂದು ಇಳಿ.

ಮೀರಾರೋಡ್_ಲೋಕಲ್

ಬರ್ತೀನಿ ಅಕ್ಕಾ, ಆಫರ್ ಏನೇ ಆದ್ರೂ ಬರ್ತೀನಿ. ಎರಡನೇ ರೌಂಡ್ ಸೋಮವಾರ ಇದೆ. ಪ್ರಿ-ಟೆಸ್ಟ್ ಬಜೆಟ್ಟು, ಸಪ್ಲೈ ಮೀಟಿಂಗು ಎರಡಕ್ಕೂ ಅವರು ಏನಂದ್ರು ಅಂತ ಇಲ್ಲೇ ಬರೀತೀನಿ.